ಅಮ್ಮನೊಂದಿಗೆ ಧ್ರುವಪ್ರಭೆ ನೋಡಲು ಹೋಗಬೇಕೆಂದಿದ್ದೇನೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಬಳಪ:

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ ಈಗ 69 ವರ್ಷ. 31 ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಧ್ರುವ ಪ್ರದೇಶಗಳ ಪಾಠ ಬಂದಾಗಲೆಲ್ಲ ಅವರು ಹಸಿರು ಬಳಪವನ್ನು ಅಡ್ಡಲಾಗಿ ಹಿಡಿದು ಕಪ್ಪುಹಲಗೆಯ ಮೇಲಿನಿಂದ ಕೆಳಕ್ಕೆ ಎಳೆದು, ಅಂಗೈಯಿಂದ ಅಲ್ಲಲ್ಲಿ ಮೆಲ್ಲಗೆ ಒರೆಸಿ, ಗಾಳಿಗೆ ಅಲುಗಾಡುವ ಪರದೆಯಂತೆ ಧ್ರುವಪ್ರಭೆಯನ್ನು, ಅಂದರೆ ಧ್ರುವಗಳ ಕಡೆಯ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕನ್ನು, ಬರೆಯುತ್ತಿದ್ದರು. ನಾನೂ ಅದೇ ಶಾಲೆಯಲ್ಲಿ ಓದಿದವಳು. ಒಂದು ವರ್ಷ ಆ ಚಿತ್ರದ ಎದುರಿಗೇ ಕುಳಿತು ಆ ಪಾಠ ಕೇಳಿದವಳು. ಆ ದಿನ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಇದನ್ನು ನೀವು ನೋಡಿದ್ದೀರಾ?" ಎಂದು ಕೇಳಿದ. ಅಮ್ಮ "ಇಲ್ಲಪ್ಪ" ಎಂದಷ್ಟೇ ಹೇಳಿ, ಕೈಗೆ ಅಂಟಿದ್ದ ಬಳಪದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಪಾಠ ಮುಂದುವರಿಸಿದರು. ಸಂಜೆ ಮನೆಗೆ ನಡೆದು ಹೋಗುವಾಗ ನಾನು, "ದೊಡ್ಡವಳಾದ ಮೇಲೆ ನಾನು ನಿನ್ನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನಮ್ಮ" ಎಂದಿದ್ದೆ. ಆಗ ನನಗೆ 12 ವರ್ಷ. ಈಗ 43.

ನಡುವಿನ ವರ್ಷಗಳು ಓದು, ಕೆಲಸ, ಸಂಸಾರ, ಅಪ್ಪನ ದೀರ್ಘ ಕಾಯಿಲೆ ಇವುಗಳಲ್ಲಿಯೇ ಕಳೆದುಹೋದವು. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆ ವೀಕ್ಷಣಾಲಯದ ಮೇಲಿನ ಆಕಾಶ ಧ್ರುವಪ್ರಭೆಯಿಂದ ಕೆಂಪಾದ ಚಿತ್ರ ಪತ್ರಿಕೆಯಲ್ಲಿ ಬಂದಾಗ ಅಮ್ಮ ಅದನ್ನು ಕತ್ತರಿಸಿ ತಮ್ಮ ಹಳೆಯ ಅಟ್ಲಾಸಿನೊಳಗೆ ಇಟ್ಟುಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು. ಆಸೆ ಇನ್ನೂ ಹಾಗೆಯೇ ಇದೆಯೆಂದು ನನಗೆ ಗೊತ್ತಾದದ್ದು ಆ ದಿನ.

ಈಗ ಹಣ, ರಜೆ ಎರಡೂ ಕೂಡಿಬಂದಿವೆ. ಆದರೆ ಅಮ್ಮನೇ ಹಿಂದೇಟು ಹಾಕುತ್ತಿದ್ದಾರೆ. ಮಂಡಿ ನೋವಿದೆ, ಅರ್ಧ ಕಿಲೋಮೀಟರ್ ನಡೆದರೆ ಕೂರಬೇಕು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂದು ಕಣ್ಣಿನ ಪೊರೆ ತೆಗೆಸಿ ಎರಡು ವರ್ಷವಾಗಿದೆ. ಇನ್ನೊಂದರಲ್ಲಿ ಈಗಷ್ಟೇ ಶುರುವಾಗಿದೆ. "ನನ್ನನ್ನು ಕಟ್ಟಿಕೊಂಡು ನೀನೇನು ನೋಡುತ್ತೀಯ? ನೀನು ಹೋಗಿ ಬಾ, ವಿಡಿಯೋ ಮಾಡಿಕೊಂಡು ಬಾ, ನನಗೆ ಅಷ್ಟೇ ಸಾಕು" ಎನ್ನುತ್ತಾರೆ.

ಎಲ್ಲಿಗೆ, ಯಾವ ತಿಂಗಳಲ್ಲಿ, ಎಷ್ಟು ರಾತ್ರಿಗಳಿಗೆ ಹೋಗಬೇಕು? ಅವರ ಕಣ್ಣಿಗೆ ಅದು ನಿಜವಾಗಿ ಕಾಣಿಸುತ್ತದೆಯೇ? ಇನ್ನೊಂದು ಸಂಗತಿಯನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ. ಕಳೆದ 20 ವರ್ಷಗಳಲ್ಲಿ ನಾವಿಬ್ಬರೇ ಹಗಲೂ ರಾತ್ರಿ ಜೊತೆಗಿದ್ದ ದಿನಗಳೇ ಕಡಿಮೆ. ಪ್ರೀತಿಗೆ ಕೊರತೆಯಿಲ್ಲ, ಆದರೆ ಮೂರನೆಯ ದಿನಕ್ಕೆ ಯಾವುದೋ ಸಣ್ಣ ವಿಷಯಕ್ಕೆ ಮಾತಿಗೆ ಮಾತು ಬೆಳೆಯುತ್ತದೆ. ಹತ್ತು ದಿನ ಒಂದೇ ಕೋಣೆಯಲ್ಲಿ ಹೇಗೆ ಇರಬೇಕು? ಕೊನೆಯದಾಗಿ, ಅಷ್ಟು ದೂರ ಹೋಗಿಯೂ ಏನೂ ಕಾಣಿಸದಿದ್ದರೆ?

ಮೋಡದಾಚೆ:

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ತೀರ್ಮಾನಗಳೆಲ್ಲ ಅದರ ಮೇಲೆಯೇ ನಿಂತಿವೆ. ಕಾಣಿಸದೇ ಇರಬಹುದು. ನನಗೂ ನನ್ನ ತಾಯಿಗೂ ಮೊದಲ ಸಲ ಕಾಣಿಸಲಿಲ್ಲ. ನಾವು ನಾರ್ವೆಯ ಟ್ರೋಮ್ಸೊ ನಗರದಲ್ಲಿ ಎರಡೇ ರಾತ್ರಿ ಇಟ್ಟುಕೊಂಡು, ಉಳಿದ ದಿನಗಳನ್ನು ದಕ್ಷಿಣದ ನಗರಗಳಿಗೆ ಹಂಚಿದ್ದೆವು. ಎರಡು ರಾತ್ರಿಯೂ ಬಿಡದೆ ಹಿಮ ಬಿತ್ತು. ಮೂರನೆಯ ದಿನ ಬೆಳಿಗ್ಗೆ ನಾವು ವಿಮಾನ ಹತ್ತಿದೆವು, ಅದೇ ರಾತ್ರಿ ಆಕಾಶ ತಿಳಿಯಾಯಿತು. ನಾವು ಉಳಿದುಕೊಂಡಿದ್ದ ಮನೆಯಾಕೆ ಪ್ರೀತಿಯಿಂದಲೇ ಚಿತ್ರ ಕಳುಹಿಸಿದ್ದರು. ತಾಯಿ ಆ ಚಿತ್ರವನ್ನು ಬಹಳ ಹೊತ್ತು ನೋಡಿ, ಏನೂ ಹೇಳದೆ ಫೋನನ್ನು ನನ್ನ ಕೈಗೆ ಕೊಟ್ಟರು. ಮತ್ತೆ ಹೋಗಲು ನಮಗೆ ನಾಲ್ಕು ವರ್ಷ ಬೇಕಾಯಿತು. ಎರಡನೆಯ ಸಲ ಒಂದೇ ಊರಿನಲ್ಲಿ ಆರು ರಾತ್ರಿ ಉಳಿದೆವು, ಎರಡು ರಾತ್ರಿ ಕಂಡಿತು. ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟೇ: ನೋಡುವ ಊರುಗಳನ್ನು ಕಡಿಮೆ ಮಾಡಿ, ಒಂದೇ ಕಡೆಯ ರಾತ್ರಿಗಳನ್ನು ಹೆಚ್ಚು ಮಾಡಿ. ಐದಕ್ಕಿಂತ ಕಡಿಮೆ ಬೇಡವೇ ಬೇಡ. ಪದೇ ಪದೇ ಪೆಟ್ಟಿಗೆ ಕಟ್ಟುವ ಕೆಲಸ ತಪ್ಪುವುದರಿಂದ ಮಂಡಿ ನೋವಿನವರಿಗೂ ಇದೇ ಒಳ್ಳೆಯದು.

ಇದಕ್ಕೆ ಕಾರಣ ನಿಮ್ಮ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸೂರ್ಯನಿಂದ ಬರುವ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರದ ಜಾಡು ಹಿಡಿದು ಧ್ರುವಗಳ ಸುತ್ತಲಿನ ಬಳೆಯಾಕಾರದ ವಲಯದಲ್ಲಿ ವಾಯುಮಂಡಲಕ್ಕೆ ಇಳಿಯುತ್ತವೆ. ನೆಲದಿಂದ 100 ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳಿಗೆ ಬಡಿದಾಗ ಹಸಿರು ಬೆಳಕು, ಇನ್ನೂ ಮೇಲೆ, 200 ಕಿಲೋಮೀಟರಿನಾಚೆ ಅದೇ ಆಮ್ಲಜನಕದಿಂದ ಕೆಂಪು ಬೆಳಕು ಹೊಮ್ಮುತ್ತದೆ. ಹಾನ್ಲೆಯಲ್ಲಿ ಕೆಂಪು ಮಾತ್ರ ಕಂಡದ್ದು ಇದೇ ಕಾರಣಕ್ಕೆ: ಅಷ್ಟು ದೂರದ ದಕ್ಷಿಣದಿಂದ ನೋಡುವವರಿಗೆ ಪರದೆಯ ತುತ್ತತುದಿಯಷ್ಟೇ ದಿಗಂತದ ಮೇಲೆ ಇಣುಕುತ್ತದೆ. ಟ್ರೋಮ್ಸೊ 69 ಡಿಗ್ರಿ ಉತ್ತರ ಅಕ್ಷಾಂಶದಾಚೆ, ಆ ವಲಯದ ಕೆಳಗೇ ಇದೆ. ಹಾಗಾಗಿ ಕಾಂತಚಟುವಟಿಕೆಯನ್ನು 0ಯಿಂದ 9ರವರೆಗೆ ಅಳೆಯುವ ಕೆಪಿ ಸೂಚ್ಯಂಕ ಬರಿಯ 2 ಇದ್ದರೂ ಅಲ್ಲಿ ಪ್ರಭೆ ಕಾಣಬಹುದು. ಅಡ್ಡ ಬರುವುದು ಮೋಡ. ಫೋನಿನಲ್ಲಿ ಕೆಪಿ ಅಂಕಿಯನ್ನು ಗಳಿಗೆಗೊಮ್ಮೆ ನೋಡುತ್ತ ಕೊರಗುವುದಕ್ಕಿಂತ ನಾರ್ವೆಯ ಹವಾಮಾನ ಸಂಸ್ಥೆಯ ಮೋಡದ ಮುನ್ಸೂಚನೆಯನ್ನು ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತಿಂಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಫೆಬ್ರವರಿಯ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಹೋಗಿ. ಸೆಪ್ಟೆಂಬರಿನಿಂದ ಮಾರ್ಚ್ ಕೊನೆಯವರೆಗೂ ಪ್ರಭೆ ಕಾಣುವಷ್ಟು ಕತ್ತಲಿರುತ್ತದೆ, ನಿಜ. ಆದರೆ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಟ್ರೋಮ್ಸೊದಲ್ಲಿ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಮಧ್ಯಾಹ್ನ ಒಂದೆರಡು ಗಂಟೆ ನೀಲಿ ಮಬ್ಬು ಬೆಳಕು, ಮತ್ತೆ ಕತ್ತಲೆ. ಅದಕ್ಕೂ ಅದರದೇ ಚೆಲುವಿದೆ. ಆದರೆ ವಯಸ್ಸಾದವರ ನಿದ್ದೆಯನ್ನೂ ಉಲ್ಲಾಸವನ್ನೂ ಅದು ಕೆಡಿಸುವುದನ್ನು ನಾನು ಕಂಡಿದ್ದೇನೆ. ಮಾರ್ಚ್ ತಿಂಗಳಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗಿರುತ್ತವೆ, ನೆಲದ ಮೇಲೆ ಹಿಮವೂ ಇರುತ್ತದೆ. ಹಗಲು ರಾತ್ರಿ ಸಮವಾಗುವ ವಿಷುವತ್ತಿನ ದಿನದ ಆಸುಪಾಸಿನ ವಾರಗಳಲ್ಲಿ ಕಾಂತಚಟುವಟಿಕೆ ಸರಾಸರಿಗಿಂತ ಹೆಚ್ಚಿರುವುದನ್ನು ವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ. ಸೂರ್ಯನ ಚಟುವಟಿಕೆ ಏರಿಳಿಯುವ ಸುಮಾರು 11 ವರ್ಷಗಳ ಚಕ್ರ ಗರಿಷ್ಠ ಹಂತ ತಲುಪಿದೆಯೆಂದು ನಾಸಾ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಗರಿಷ್ಠ ದಾಟಿದ ಮೇಲೂ ಕೆಲವು ವರ್ಷ ಪ್ರಬಲ ಪ್ರಭೆಗಳು ಬರುತ್ತವೆ, ಆದ್ದರಿಂದ ಕಾಲ ಮೀರಿಹೋಯಿತೆಂದು ಚಿಂತಿಸಬೇಡಿ.

ಸ್ಥಳದ ವಿಷಯ. ಟ್ರೋಮ್ಸೊ ಕಡಲ ತಡಿಯಲ್ಲಿರುವುದರಿಂದ, ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ದೆಸೆಯಿಂದ, ಜನವರಿಯ ಸರಾಸರಿ ಉಷ್ಣಾಂಶವೂ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿಯಷ್ಟೇ ಕೆಳಗಿರುತ್ತದೆ. ಆದರೆ ಮೋಡ ಜಾಸ್ತಿ. ಒಳನಾಡಿಗೆ ಹೋದಷ್ಟೂ ಆಕಾಶ ತಿಳಿ, ಚಳಿ ಕಡುವಾಗುತ್ತದೆ. ಸ್ವೀಡನ್ನಿನ ಅಬಿಸ್ಕೊ ಎಂಬ ಪುಟ್ಟ ಊರು ಬೆಟ್ಟಗಳ ಮಳೆನೆರಳಿನಲ್ಲಿರುವುದರಿಂದ ತಿಳಿಯಾದ ಆಕಾಶಕ್ಕೆ ಹೆಸರಾಗಿದೆ, ರೈಲಿನಲ್ಲೇ ಹೋಗಬಹುದು. ಆದರೆ ಆಸ್ಪತ್ರೆ, ಅಂಗಡಿ ಎಲ್ಲವೂ ದೂರ. ನಿಮ್ಮ ಅಮ್ಮನ ಆರೋಗ್ಯವನ್ನು ನೋಡಿದರೆ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಯಿರುವ ಟ್ರೋಮ್ಸೊದಲ್ಲಿ ಉಳಿದು, ಒಂದೋ ಎರಡೋ ರಾತ್ರಿ ಮೋಡವಿಲ್ಲದ ಕಡೆಗೆ ಕರೆದೊಯ್ಯುವ ಸಣ್ಣ ವ್ಯಾನಿನಲ್ಲಿ ಹೋಗಿಬರುವುದು ಮೇಲು. ಹಗಲಿನಲ್ಲಿ 421 ಮೀಟರ್ ಎತ್ತರದ ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ನಡೆಯದೆಯೇ ಇಡೀ ಊರು, ಸೇತುವೆ, ಕಡಲ ಕಾಲುವೆ ಕಣ್ಣೆದುರಿಗೆ ಬರುತ್ತವೆ.

ಹಡಗಿನ ದಾರಿಯೂ ಒಂದಿದೆ. 1893ರಿಂದ ನಾರ್ವೆಯ ಕರಾವಳಿಯುದ್ದಕ್ಕೂ ಓಡುತ್ತಿರುವ ಈ ಸೇವೆ ಈಗ ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟುತ್ತದೆ. ಕೋಣೆ ನಿಮ್ಮ ಜೊತೆಯಲ್ಲೇ ಸಾಗುತ್ತದೆ, ಪ್ರಭೆ ಕಂಡರೆ ರಾತ್ರಿ ಧ್ವನಿವರ್ಧಕದಲ್ಲಿ ಕರೆದು ಎಬ್ಬಿಸುತ್ತಾರೆ. ತೆರೆದ ಕಡಲಿನ ಭಾಗಗಳಲ್ಲಿ ಹಡಗು ತೂಗಾಡುವುದರಿಂದ ತಲೆಸುತ್ತು ಬರುವವರಿಗೆ ಇದು ಬೇಡ.

ವೈದ್ಯೆ:

ಕಣ್ಣಿನ ಪ್ರಶ್ನೆಗೆ ವಿವರವಾಗಿ ಉತ್ತರಿಸಬೇಕೆನಿಸಿತು, ಏಕೆಂದರೆ ಈ ವಿಷಯ ಮೊದಲೇ ಗೊತ್ತಿಲ್ಲದೆ ಅಲ್ಲಿಗೆ ಹೋಗಿ ನಿರಾಶರಾದವರನ್ನು ನಾನು ಬಲ್ಲೆ.

ಚಿತ್ರಗಳಲ್ಲಿ ಕಾಣುವ ಗಾಢವಾದ ಹಸಿರು ಕ್ಯಾಮೆರಾ ಹಲವು ಕ್ಷಣಗಳ ಬೆಳಕನ್ನು ಕೂಡಿಸಿಟ್ಟದ್ದು. ನಮ್ಮ ಕಣ್ಣಿನಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ಜೀವಕೋಶಗಳಿಗೆ ಬಣ್ಣವನ್ನು ಗುರುತಿಸುವ ಶಕ್ತಿಯಿಲ್ಲ. ಆದ್ದರಿಂದ ಪ್ರಭೆ ಮಂದವಾಗಿದ್ದಾಗ ಯಾರ ಕಣ್ಣಿಗೂ ಅದು ಬೂದು ಬಿಳುಪಿನ ಮೋಡದಂತೆಯೇ ಕಾಣುತ್ತದೆ. ಪ್ರಬಲವಾದಾಗ ಮಾತ್ರ ಹಸಿರು ತಾನಾಗಿ ಕಾಣುತ್ತದೆ. "ಇಷ್ಟೇನಾ?" ಎಂದು ಅಮ್ಮ ಅಂದುಕೊಳ್ಳದಂತೆ ಇದನ್ನು ಮೊದಲೇ ತಿಳಿಸಿ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ವಯಸ್ಸಾದವರಲ್ಲಿ ಪಾಪೆ ಕತ್ತಲೆಯಲ್ಲಿ ಮೊದಲಿನಷ್ಟು ಅಗಲವಾಗಿ ತೆರೆದುಕೊಳ್ಳುವುದಿಲ್ಲ, ಅವರಿಗೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ನೀವು ಒಂದೇ ಒಂದು ಸಲ ಫೋನಿನ ಪರದೆಯನ್ನು ಅವರ ಮುಖದ ಮುಂದೆ ಬೆಳಗಿಸಿದರೂ ಕಾದದ್ದೆಲ್ಲ ವ್ಯರ್ಥ. ಪೊರೆ ತೆಗೆಸಿದ ಕಣ್ಣಿನ ಬಗ್ಗೆ ಒಳ್ಳೆಯ ಸುದ್ದಿಯಿದೆ. ವಯಸ್ಸಾದ ಮಸೂರ ಹಳದಿಯಾಗಿ ಬೆಳಕನ್ನು ತಡೆಯುತ್ತದೆ. ಕೃತಕ ಮಸೂರ ತಿಳಿಯಾಗಿರುತ್ತದೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಎರಡರ ವ್ಯತ್ಯಾಸ ಅವರಿಗೇ ತಿಳಿಯುತ್ತದೆ. ಇನ್ನೊಂದು ಕಣ್ಣಿನ ವಿಷಯವನ್ನು ಪ್ರವಾಸದ ದಿನಾಂಕ ಗೊತ್ತುಮಾಡುವ ಮೊದಲು ಅವರ ನೇತ್ರವೈದ್ಯರೊಡನೆ ಮಾತಾಡಿ.

ಚಳಿಯಲ್ಲಿ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಹೊರಡುವ ಒಂದೆರಡು ತಿಂಗಳ ಮೊದಲು ತಪಾಸಣೆ ಮಾಡಿಸಿ. ಮಾತ್ರೆಗಳೆಲ್ಲ ವೈದ್ಯರ ಚೀಟಿಯ ಸಹಿತ ಕೈಚೀಲದಲ್ಲಿಯೇ ಇರಲಿ, ಕೆಲವು ದಿನಗಳಿಗೆ ಹೆಚ್ಚಾಗುವಷ್ಟಿರಲಿ. ಮೈಗೆ ಅಂಟುವ ಒಳಪದರಕ್ಕೆ ಹತ್ತಿ ಬೇಡ. ಬೆವರನ್ನು ಹಿಡಿದಿಟ್ಟುಕೊಂಡು ಅದೇ ತಣ್ಣಗಾಗುತ್ತದೆ. ಒಳಗೆ ತೆಳು ಉಣ್ಣೆ, ನಡುವೆ ದಪ್ಪ ಪದರ, ಹೊರಗೆ ಗಾಳಿ ನುಗ್ಗದ ಕೋಟು. ಶೂ ಬಿಗಿಯಾಗಿರಬಾರದು, ಬೆರಳು ಆಡಿಸಲು ಜಾಗವಿರಬೇಕು. ಇವೆಲ್ಲಕ್ಕಿಂತ ದೊಡ್ಡ ಅಪಾಯ ಮಂಜುಗಟ್ಟಿದ ರಸ್ತೆಯಲ್ಲಿ ಜಾರಿ ಬೀಳುವುದು. ಶೂ ಕೆಳಗೆ ಸಿಕ್ಕಿಸಿಕೊಳ್ಳುವ ಲೋಹದ ಮುಳ್ಳಿನ ಪಟ್ಟಿಗಳು ಅಲ್ಲಿ ಎಲ್ಲೆಡೆ ಸಿಗುತ್ತವೆ, ಹೋದ ಮೊದಲ ದಿನವೇ ಕೊಳ್ಳಿ.

ವಿಮಾನದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕೂತಲ್ಲೇ ಕೂತರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ನಡುನಡುವೆ ಎದ್ದು ಓಡಾಡಲಿ, ನೀರು ಕುಡಿಯಲಿ. ನಮ್ಮ ಹೆಂಗಸರು ಪ್ರಯಾಣದಲ್ಲಿ ಶೌಚಾಲಯದ ಚಿಂತೆಗೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಮಗಳಾಗಿ ನೀವೇ ಅದನ್ನು ಕೇಳಿ ತಿಳಿದುಕೊಳ್ಳಿ. ರಾತ್ರಿಯ ವ್ಯಾನ್ ಪ್ರವಾಸಗಳು ಆರೇಳು ಗಂಟೆ ನಡೆಯುವುದರಿಂದ ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿ ಇದೆಯೆಂದು ಹಣ ಕಟ್ಟುವ ಮೊದಲೇ ವಿಚಾರಿಸಿ.

ವೀಲ್‌ಚೇರ್ ಬೇಕೆಂದು ವಿಮಾನ ಸಂಸ್ಥೆಗೆ ಕನಿಷ್ಠ 48 ಗಂಟೆ ಮೊದಲು ತಿಳಿಸಿದರೆ ಯುರೋಪಿನ ನಿಯಮದಂತೆ ಆ ಸೇವೆ ಉಚಿತ. ಅಮ್ಮ "ನನಗೇಕೆ ವೀಲ್‌ಚೇರ್" ಎನ್ನಬಹುದು. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚು ನಡೆಯಬೇಕಾಗಬಹುದೆಂದು ವಿವರಿಸಿ, ಮಂಡಿಯ ಶಕ್ತಿಯನ್ನು ಹಿಮದ ಮೇಲಿನ ನಡಿಗೆಗೆ ಉಳಿಸಿಕೊಳ್ಳುವಂತೆ ಹೇಳಿ.

ಬಳಪ:

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಕೆಪಿ ಸೂಚ್ಯಂಕದ ಮಾತು ಓದಿದ ಮೇಲೆ ನನ್ನ ಅರ್ಧ ಆತಂಕ ಕಡಿಮೆಯಾಯಿತು. ಮಾರ್ಚ್ ಮೊದಲ ವಾರದಿಂದ ಟ್ರೋಮ್ಸೊದಲ್ಲಿ ಐದು ರಾತ್ರಿ ಎಂದು ಯೋಜನೆ ಹಾಕಿಕೊಂಡಿದ್ದೇನೆ. ನಾರ್ವೆಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ) ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್ ಹಿಂದಿರುಗುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ ಎಂಬುದನ್ನು ಓದಿ ತಿಳಿದುಕೊಂಡೆ. ಅಮ್ಮನ ರಕ್ತದೊತ್ತಡವನ್ನು ವಿಮೆಯ ಅರ್ಜಿಯಲ್ಲಿ ಮುಚ್ಚಿಡದೆ ಬರೆಯುತ್ತೇನೆ.

ಒಂದು ಯೋಚನೆ ಇದೆ. ಅಮ್ಮನಿಗೆ ಏನೂ ಹೇಳದೆ ಎಲ್ಲವನ್ನೂ ನಾನೇ ಸಿದ್ಧಪಡಿಸಿ, ಅವರ 70ನೆಯ ಹುಟ್ಟುಹಬ್ಬದಂದು ಟಿಕೆಟ್ ಕೈಗಿಟ್ಟರೆ ಹೇಗೆ? ವೀಸಾ ಅರ್ಜಿಗೆ ಸಹಿ ಬೇಕಾದಾಗ ಬೇರೇನೋ ನೆಪ ಹೇಳಬಹುದು. ಆಗ "ಬೇಡ" ಎನ್ನಲು ಅವರಿಗೆ ಆಗುವುದಿಲ್ಲವಲ್ಲ.

ನಿವೃತ್ತ ಗ್ರಂಥಪಾಲಕಿ:

ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ತಾಯಿಯ ಜಾಗದಲ್ಲಿ ಇದ್ದವಳಾಗಿ ಈ ಮಾತು ಹೇಳುತ್ತಿದ್ದೇನೆ. ನನಗೆ 72 ವರ್ಷ. ನನ್ನ ಮಗಳು ಹೀಗೆಯೇ, ಒಂದು ಹುಟ್ಟುಹಬ್ಬದ ದಿನ, ಧ್ರುವಪ್ರಭೆ ನೋಡುವ ಪ್ರವಾಸದ ಟಿಕೆಟ್ ತಂದು ಕೊಟ್ಟಳು. ಆ ಕ್ಷಣ ಕಣ್ಣು ತುಂಬಿ ಬಂದದ್ದು ನಿಜ. ಅದೇ ರಾತ್ರಿ ನಿದ್ದೆ ಬರಲಿಲ್ಲ ಎಂಬುದೂ ಅಷ್ಟೇ ನಿಜ. ಎಷ್ಟು ಖರ್ಚು ಮಾಡಿದ್ದಾಳೋ, ಅಲ್ಲಿ ನನಗೇನಾದರೂ ಆದರೆ ಒಬ್ಬಳೇ ಏನು ಮಾಡುತ್ತಾಳೋ, ನನ್ನ ನಡಿಗೆಗೆ ಕಾದು ಕಾದು ಅವಳಿಗೆ ಬೇಸರವಾದರೆ ಎಂದು ನೂರು ಚಿಂತೆ. ಕೇಳೋಣವೆಂದರೆ ಉಡುಗೊರೆಗೆ ಹುಳುಕು ಹುಡುಕಿದಂತಾಗುತ್ತದೆ. ಎಲ್ಲವೂ ಮೊದಲೇ ತೀರ್ಮಾನವಾಗಿಹೋಗಿತ್ತು. ಒಪ್ಪಿಕೊಳ್ಳುವುದೊಂದೇ ನನ್ನ ಪಾಲಿಗೆ ಉಳಿದಿತ್ತು.

ಹೊರಟ ಮೇಲೂ ಅದೇ ನಡೆಯಿತು. ನನ್ನ ಪಾಸ್‌ಪೋರ್ಟ್ ಅವಳ ಚೀಲದಲ್ಲಿ, ಕೋಣೆಯ ಕೀಲಿ ಅವಳ ಜೇಬಿನಲ್ಲಿ. ನಾವು ಇಳಿದುಕೊಂಡಿದ್ದ ಹೋಟೆಲಿನ ಹೆಸರೂ ನನಗೆ ಗೊತ್ತಿರಲಿಲ್ಲ. ಅವಳು ಅತಿಯಾದ ಕಾಳಜಿಯಿಂದಲೇ ಹಾಗೆ ಮಾಡಿದ್ದು. ಆದರೆ ಲಕ್ಷಾಂತರ ಪುಸ್ತಕಗಳ ಲೆಕ್ಕ ಇಟ್ಟವಳು ನಾನು, ಅಲ್ಲಿ ಹೆಸರು ಬರೆದು ಕಳುಹಿಸಿದ ಗಂಟಿನಂತಾಗಿದ್ದೆ. ಮೂರನೆಯ ದಿನ ಅಭ್ಯಾಸದಂತೆ ಐದು ಗಂಟೆಗೆ ಎಚ್ಚರವಾಯಿತು. ಮಗಳು ಎರಡು ಗಂಟೆಯವರೆಗೆ ಆಕಾಶ ನೋಡುತ್ತ ಕುಳಿತಿದ್ದು ಆಗಷ್ಟೇ ಗಾಢ ನಿದ್ದೆಯಲ್ಲಿದ್ದಳು. ನಾನು ಸದ್ದು ಮಾಡದೆ ಕೆಳಗಿನ ಬಾಗಿಲವರೆಗೆ ಹೋಗಿ ಬಂದರಿನ ದೀಪಗಳನ್ನು ನೋಡಿ ಹಿಂದಿರುಗಿದೆ. ಕೋಣೆಯ ಬಾಗಿಲು ತಾನೇ ಮುಚ್ಚಿಕೊಂಡಿತ್ತು. ಬಡಿದು ಎಬ್ಬಿಸಲು ಮನಸ್ಸಾಗದೆ ಪಡಸಾಲೆಯ ಕುರ್ಚಿಯಲ್ಲಿ ಕುಳಿತೆ. ಮುಕ್ಕಾಲು ಗಂಟೆಯ ಮೇಲೆ ಅವಳು ನನ್ನ ಖಾಲಿ ಹಾಸಿಗೆ ನೋಡಿ ಗಾಬರಿಯಾಗಿ, ಬರಿಯ ಕಾಲುಚೀಲದಲ್ಲೇ ಹೊರಗೆ ಓಡಿಬಂದಳು. "ಹೇಳದೆ ಹೋದರೆ ಹೇಗಮ್ಮ?" ಎಂದು ಅವಳು, "ನಾನೇನು ಮಗುವೇ?" ಎಂದು ನಾನು. ಮಧ್ಯಾಹ್ನದವರೆಗೆ ಮಾತಿಲ್ಲ.

ಆಮೇಲೆ ಅವಳೇ ಬಂದು ಪಕ್ಕದಲ್ಲಿ ಕುಳಿತಳು. ನನ್ನ ಪಾಸ್‌ಪೋರ್ಟನ್ನೂ ಇನ್ನೊಂದು ಕೀಲಿಯನ್ನೂ ನನ್ನ ಕೈಗೆ ಕೊಟ್ಟಳು; ಹೋಟೆಲಿನ ಹೆಸರು, ವಿಳಾಸ, ತನ್ನ ಫೋನ್ ಸಂಖ್ಯೆ ಬರೆದ ಚೀಟಿಯನ್ನು ನಾನು ಪರ್ಸಿನಲ್ಲಿ ಇಟ್ಟುಕೊಂಡೆ. ರಾತ್ರಿಯ ಕಾವಲನ್ನೂ ಹಂಚಿಕೊಂಡೆವು. ನನಗೆ ಹೇಗೂ ನಡುರಾತ್ರಿಯ ಹೊತ್ತಿಗೆ ಒಂದು ಸಲ ಎಚ್ಚರವಾಗುತ್ತದೆ. ಹಾಗಾಗಿ ಹನ್ನೆರಡರವರೆಗೆ ಅವಳು, ಅಲ್ಲಿಂದ ಮುಂದೆ ನಾನು. ನಾಲ್ಕನೆಯ ರಾತ್ರಿ ಒಂದು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಬೆಟ್ಟದ ನೆತ್ತಿಯ ಮೇಲೆ ಒಂದು ಬಿಳಿಯ ಪಟ್ಟಿ ಕಂಡಿತು. ಮೊದಲು ಮೋಡವೆಂದೇ ತಿಳಿದೆ. ಆದರೆ ಮೋಡದ ಮೂಲಕ ನಕ್ಷತ್ರ ಕಾಣುವುದಿಲ್ಲ, ಇದರ ಮೂಲಕ ಕಾಣುತ್ತಿತ್ತು. ನೋಡುತ್ತಿದ್ದಂತೆಯೇ ಅದರ ಕೆಳ ಅಂಚು ಅಲುಗಾಡತೊಡಗಿ ಹಸಿರಾಯಿತು. ಪರೀಕ್ಷೆಯ ದಿನಗಳಲ್ಲಿ ಬೆಳಗಿನ ಜಾವ ಓದಲು ಎಬ್ಬಿಸುತ್ತಿದ್ದ ಹಾಗೆಯೇ ಅವಳ ಕಾಲ್ಬೆರಳು ಹಿಡಿದು ಅಲುಗಾಡಿಸಿ, "ಏಳೇ, ಬಂದಿದೆ" ಎಂದೆ. ಅವಳು ನಿದ್ದೆಗಣ್ಣಿನಲ್ಲೇ, "ಯಾವ ಪೇಪರಮ್ಮ ಇವತ್ತು?" ಎಂದಳು. ಒಂದೇ ಕಂಬಳಿ ಹೊದ್ದು ಇಬ್ಬರೂ ಹೊರಗೆ ನಿಂತೆವು. ಅದನ್ನು ಅವಳಿಗೆ ತೋರಿಸಿದವಳು ನಾನು ಎಂಬ ಸಂತೋಷ ನನಗೆ ಇಂದಿಗೂ ಇದೆ.

"ನೀನೇ ಹೋಗಿ ಬಾ" ಎಂದು ನಿಮ್ಮ ಅಮ್ಮ ಹೇಳುವ ಮಾತಿನಲ್ಲಿ "ನನಗೆ ಆಸೆಯಿಲ್ಲ" ಎಂಬುದು ನನಗೆ ಕೇಳಿಸುವುದಿಲ್ಲ. "ನಾನು ಬಂದರೆ ನಿನಗೆ ಭಾರವಾಗುವುದಿಲ್ಲ ತಾನೇ?" ಎಂಬ ಪ್ರಶ್ನೆ ಕೇಳಿಸುತ್ತದೆ. ಗುಟ್ಟಾಗಿ ಟಿಕೆಟ್ ತೆಗೆದರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅಟ್ಲಾಸ್ ಅವರ ಮುಂದೆ ಬಿಚ್ಚಿಟ್ಟು ಯಾವ ಊರೆಂದು ಅವರನ್ನೇ ಕೇಳಿ. 31 ವರ್ಷ ಆ ಪಾಠ ಮಾಡಿದವರು ತಾವು ನಿಲ್ಲುವ ಜಾಗವನ್ನು ತಾವೇ ಆರಿಸಿಕೊಳ್ಳಲಿ. ಖರ್ಚನ್ನೂ ಮುಚ್ಚಿಡಬೇಡಿ, ಅವರು ಪಿಂಚಣಿಯಿಂದ ಒಂದು ಪಾಲು ಕೊಡುತ್ತೇನೆಂದರೆ ತಡೆಯಬೇಡಿ.

ಜಗಳದ ಬಗ್ಗೆ ಕೇಳಿದ್ದೀರಿ. ಒಂದೇ ಕೋಣೆ ಇರಲಿ, ಹಾಸಿಗೆ ಎರಡಿರಲಿ. ದಿನಕ್ಕೆ ಒಂದು ಗಂಟೆ ಇಬ್ಬರೂ ಬೇರೆ ಬೇರೆ ಇರಿ. ದೊಡ್ಡ ಪ್ರಯಾಣಕ್ಕೆ ಮೊದಲು ಹತ್ತಿರದ ಎಲ್ಲಿಗಾದರೂ ಮೂರು ದಿನ ಇಬ್ಬರೇ ಹೋಗಿ ಬಂದರೆ, ಆ ಮೂರನೆಯ ದಿನದ ಜಗಳ ಅಲ್ಲಿಯೇ ಮುಗಿದಿರುತ್ತದೆ.

ಬಳಪ:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಉತ್ತರಗಳನ್ನು ಅಮ್ಮನಿಗೆ ಓದಿ ಹೇಳಿದೆ. ಕಾಲ್ಬೆರಳಿನ ಪ್ರಸಂಗ ಬಂದಾಗ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ನಾನು ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಟ್ಲಾಸ್ ಮೇಜಿನ ಮೇಲಿತ್ತು.

ಅವರು ಆರಿಸಿದ್ದು ಟ್ರೋಮ್ಸೊ ಅಲ್ಲ, ಅದರ ಪೂರ್ವಕ್ಕಿರುವ ಆಲ್ಟಾ. ಧ್ರುವಪ್ರಭೆಗೆ ಸೂರ್ಯನಿಂದ ಬರುವ ಕಣಗಳೇ ಕಾರಣವೆಂದು ಪ್ರಯೋಗಾಲಯದಲ್ಲಿ ಕಾಂತಗೋಳವೊಂದನ್ನಿಟ್ಟು ತೋರಿಸಿದ ನಾರ್ವೆಯ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾಂಡ್ 1899ರಲ್ಲಿ ಕಟ್ಟಿಸಿದ ವೀಕ್ಷಣಾಲಯ ಆಲ್ಟಾ ಬಳಿಯ ಹಾಲ್ಡೆ ಬೆಟ್ಟದ ಮೇಲಿದೆಯಂತೆ. ಬೆಟ್ಟ ಹತ್ತಲಾಗದಿದ್ದರೂ ಕೆಳಗೆ ನಿಂತು ಆ ಬೆಟ್ಟವನ್ನು ನೋಡುತ್ತೇನೆಂದರು. ಅಲ್ಲಿಯೂ ಆಸ್ಪತ್ರೆಯ ಸೌಲಭ್ಯವಿದೆಯೇ ಎಂದು ವಿಚಾರಿಸುವ ಕೆಲಸ ನನ್ನದು, ಮೋಡದ ಮುನ್ಸೂಚನೆ ನೋಡುವ ಕೆಲಸ ಅವರದು. ಇದೆಲ್ಲಕ್ಕೂ ಮೊದಲು, ಮುಂದಿನ ವಾರ, ಮೂರು ದಿನಗಳ ಸಣ್ಣ ಪ್ರವಾಸವೊಂದಕ್ಕೆ ಇಬ್ಬರೇ ಹೊರಟಿದ್ದೇವೆ.

ಅಮ್ಮ ತಾವೇ ಹೇಳಿ ಬರೆಸಿದ ಒಂದು ಪ್ರಶ್ನೆ ವೈದ್ಯೆಯವರಿಗೆ: "ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡರೆ ಕನ್ನಡಕಕ್ಕೆ ಮಂಜು ಹಿಡಿಯುತ್ತದಲ್ಲ, ಪ್ರಭೆ ಬಂದ ಹೊತ್ತಿಗೆ ಸರಿಯಾಗಿ ಏನೂ ಕಾಣದಿದ್ದರೆ ಏನು ಮಾಡಲಿ?"

ವೈದ್ಯೆ:

ಅಮ್ಮನವರಿಗೆ ನಮಸ್ಕಾರ ತಿಳಿಸಿ. ಬಿಟ್ಟ ಉಸಿರು ಮಫ್ಲರಿನ ಮೇಲಂಚಿನಿಂದ ಕನ್ನಡಕದತ್ತ ಏರುವುದರಿಂದ ಹಾಗಾಗುತ್ತದೆ. ಮೇಲಂಚನ್ನು ಮೂಗಿನ ಕೆಳಗೆ ಸರಿಸಿ, ಬಾಯಿ ಮತ್ತು ಗದ್ದ ಮಾತ್ರ ಮುಚ್ಚಿರಲಿ. ಮೂಗಿಗೆ ಚಳಿಯೆನಿಸಿದಾಗ ಉಣ್ಣೆಯ ಕೈಗವಸಿನಿಂದ ಒಂದು ನಿಮಿಷ ಮುಚ್ಚಿಕೊಳ್ಳಲಿ. ಒರೆಸಲು ಒಣಗಿದ ಮೆತ್ತನೆಯ ಬಟ್ಟೆಯೊಂದು ಒಳಜೇಬಿನಲ್ಲಿರಲಿ. ನೋಡಿ ಮುಗಿಸಿ ಬೆಚ್ಚನೆಯ ಕಟ್ಟಡದೊಳಗೆ ಕಾಲಿಟ್ಟೊಡನೆ ಗಾಜು ಪೂರ್ತಿ ಮಸುಕಾಗುತ್ತದೆ, ಜನ ಎಡವುವುದು ಆಗಲೇ. ಅದು ತಿಳಿಯಾಗುವವರೆಗೆ ಬಾಗಿಲ ಬಳಿಯೇ, ನಿಮ್ಮ ತೋಳು ಹಿಡಿದು ನಿಂತಿರಲಿ.